ಸನ್ ಓಡುತ್ತಿದ್ದಾಗ ಬಂದ ಒಂದು ‘ಉಫ್’

ನಮ್ಮ ಫುಟ್‌ಬಾಲ್ ಗುಂಪಿನಲ್ಲಿ ಐದು ಜನ ಇದ್ದೇವೆ. ನಾನು ಆರ್ಸೆನಲ್ ಅಭಿಮಾನಿ. ಒಬ್ಬ ಲಿವರ್‌ಪೂಲ್, ಒಬ್ಬ ಮ್ಯಾಂಚೆಸ್ಟರ್ ಸಿಟಿ, ಒಬ್ಬ ಮ್ಯಾಂಚೆಸ್ಟರ್ ಯುನೈಟೆಡ್. ಐದನೆಯವನಿಗೆ ತಂಡ ಅಂತ ಯಾವುದೂ ಇಲ್ಲ. ಅವನಿಗೆ ಬೇಕಿರುವುದು ಅಂಕಪಟ್ಟಿ ಮಾತ್ರ. ಯಾರು ಗೋಲು ಹೊಡೆದರೂ ಮೊದಲು ಅದು ಗೋಲು ವ್ಯತ್ಯಾಸಕ್ಕೆ (ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದರೆ ಉಳಿಯುವುದು) ಏನು ಮಾಡಿತು ಅಂತ ನೋಡುವ ಆಸಾಮಿ. ಅವನನ್ನು ನಾವು ಕ್ಯಾಲ್ಕುಲೇಟರ್ ಅಂತಲೇ ಕರೆಯುತ್ತೇವೆ. ಅವನೂ ಅದಕ್ಕೇ ಓಗೊಡುತ್ತಾನೆ.

ವರ್ಷದ ಬಹುಪಾಲು ಈ ಗುಂಪು ತಣ್ಣಗಿರುತ್ತದೆ. ಮಾರ್ಚ್ ಬರಬೇಕು, ಆಗ ನೋಡಿ. ಅದರಲ್ಲೂ 2024ರ ಮಾರ್ಚ್! ತಿಂಗಳ ಕೊನೆಯ ದಿನ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಟ್ಟಿ ಹೀಗಿತ್ತು: ಲಿವರ್‌ಪೂಲ್ 67 ಪಾಯಿಂಟ್, ಆರ್ಸೆನಲ್ 65, ಸಿಟಿ 64. ಗೆದ್ದರೆ ಮೂರು ಪಾಯಿಂಟ್, ಡ್ರಾ ಆದರೆ ಒಂದು. ಮೂವರಿಗೂ ಒಂಬತ್ತು ಪಂದ್ಯ ಬಾಕಿ. ಅವತ್ತೇ ನಮ್ಮ ತಂಡ ಸಿಟಿಯ ಮನೆಗೆ, ಅಂದರೆ ಅವರ ಮೈದಾನಕ್ಕೆ, ಹೋಗಿ 0-0 ಮಾಡಿಕೊಂಡು ಬಂದಿತ್ತು. ನಾನು ಅದನ್ನು ಗೆಲುವು ಅಂತಲೇ ಹೇಳಿಕೊಂಡು ತಿರುಗುತ್ತಿದ್ದೆ.

ರಾತ್ರಿ ಕ್ಯಾಲ್ಕುಲೇಟರ್ ಒಂದು ಶೀಟ್ ಕಳಿಸಿದ. ಮೂರು ತಂಡ, ಒಂಬತ್ತೊಂಬತ್ತು ಖಾಲಿ ಕೋಣೆ. “ಎಲ್ಲರೂ ತುಂಬಿ. ಆಮೇಲೆ ಬದಲಾಯಿಸೋ ಹಾಗಿಲ್ಲ” ಅಂದ.

ಇಂಥ ಶೀಟ್ ತುಂಬುವಾಗ ಮನುಷ್ಯನ ಗುಣ ಗೊತ್ತಾಗಿಬಿಡುತ್ತದೆ. ಸ್ವಂತ ತಂಡಕ್ಕೆ ಒಂಬತ್ತಕ್ಕೆ ಒಂಬತ್ತೂ ಗೆಲುವು ಬರೆಯಲು ಸಂಕೋಚ. ಹಾಗಂತ ಸೋಲು ಬರೆಯಲು ಕೈ ಬರುವುದಿಲ್ಲ. ಅದಕ್ಕೇ ನಾವೆಲ್ಲ ಮರ್ಯಾದೆಗೆ ಅಂತ ಒಂದೆರಡು ಡ್ರಾ ಹಾಕುತ್ತೇವೆ, ನಾನು ನಿಷ್ಪಕ್ಷಪಾತಿ ಅಂತ ತೋರಿಸಿಕೊಳ್ಳಲು. ನಾನೂ ಹಾಕಿದೆ. ಟಾಟೆನ್‌ಹ್ಯಾಮ್ ಮನೆಯಲ್ಲಿ ಒಂದು ಡ್ರಾ, ಯುನೈಟೆಡ್ ಮನೆಯಾದ ಓಲ್ಡ್ ಟ್ರಾಫರ್ಡ್‌ನಲ್ಲಿ ಒಂದು ಡ್ರಾ. ಉಳಿದ ಏಳು ಗೆಲುವು. ಆ್ಯಸ್ಟನ್ ವಿಲ್ಲಾ ನಮ್ಮ ಮನೆಗೆ ಬರುತ್ತದೆ ಅಂತ ಒಂದು ಕೋಣೆ ಇತ್ತು. ಅದರ ಮುಂದೆ ಯೋಚನೆಯೇ ಮಾಡದೆ ‘ಗೆಲುವು’ ಅಂತ ಬರೆದು ಮುಂದಕ್ಕೆ ಹೋದೆ. ಒಟ್ಟು 88 ಪಾಯಿಂಟ್ ಬಂತು. ಸಿಟಿಗೆ ಒಂದು ಸೋಲು, ಎರಡು ಡ್ರಾ ಕೊಟ್ಟು 84ಕ್ಕೆ ಕೂರಿಸಿದೆ. ಕಪ್ ನಮ್ಮದೇ!

ಸಿಟಿ ಗೆಳೆಯ ತನ್ನ ಒಂಬತ್ತು ಕೋಣೆಯಲ್ಲೂ ಗೆಲುವು ಬರೆದಿದ್ದ. ಎಲ್ಲರೂ ಸೇರಿ ಅವನಿಗೆ ಸರಿಯಾಗಿ ಮಂಗಳಾರತಿ ಮಾಡಿದೆವು. “ಸ್ವಲ್ಪವಾದರೂ ನಾಚಿಕೆ ಇರಲಿ ಕಣೋ” ಅಂತ ಲಿವರ್‌ಪೂಲ್ ಗೆಳೆಯ. ಸಿಟಿ ಗೆಳೆಯ ಎಂದಿನಂತೆ ಸುಮ್ಮನಿದ್ದ. ಅವನ ದೊಡ್ಡ ತೊಂದರೆ ಅದೇ, ಅವನಿಗೆ ಆತಂಕವೇ ಆಗುವುದಿಲ್ಲ. ಪ್ರಶಸ್ತಿ ಓಟದಲ್ಲಿ ಆತಂಕ ಪಡದವನ ಜೊತೆ ಜಗಳ ಆಡುವುದು ಗೋಡೆಗೆ ಚೆಂಡು ಒದ್ದ ಹಾಗೆ. ಒದ್ದಷ್ಟೇ ಜೋರಾಗಿ ನಮ್ಮ ಕಡೆಗೇ ಬರುತ್ತದೆ.

ಏಪ್ರಿಲ್ 14ರ ಭಾನುವಾರ. ಹಿಂದಿನ ದಿನ ಸಿಟಿ ಲೂಟನ್‌ಗೆ ಐದು ಗೋಲು ಹೊಡೆದಿತ್ತು. ಭಾನುವಾರ ಮೊದಲು ಲಿವರ್‌ಪೂಲ್ ಪಂದ್ಯ, ಆಮೇಲೆ ನಮ್ಮದು. ಲಿವರ್‌ಪೂಲ್ ತನ್ನ ಮನೆಯಲ್ಲೇ ಕ್ರಿಸ್ಟಲ್ ಪ್ಯಾಲೆಸ್‌ಗೆ 0-1 ಸೋತಿತು. ಎಬೆರೆಚಿ ಎಝೆ ಮೊದಲ ಕಾಲು ಗಂಟೆಯಲ್ಲೇ ಹೊಡೆದ ಗೋಲು ಕೊನೆಯವರೆಗೆ ನಿಂತಿತು. ನನಗೆ ಖುಷಿ ತಡೆಯಲಾಗಲಿಲ್ಲ. ಗುಂಪಿಗೆ ಒಂದು ನಗುವ ಮುಖ ಕಳಿಸಿದೆ. ಒಂದೇ ಒಂದು.

ಮೂರು ಗಂಟೆ ಸಹ ಕಳೆದಿರಲಿಲ್ಲ. ನಮ್ಮ ಪಂದ್ಯ 84ನೇ ನಿಮಿಷದವರೆಗೂ 0-0. ಆಗ ವಿಲ್ಲಾದ ಲಿಯಾನ್ ಬೈಲಿ ಒಂದು ಹೊಡೆದ. ಮೂರು ನಿಮಿಷಕ್ಕೆ ಓಲಿ ವಾಟ್ಕಿನ್ಸ್ ಇನ್ನೊಂದು. ಯೋಚಿಸದೆ ಗೆಲುವು ಬರೆದ ಆ ಕೋಣೆ ಕೆಂಪಾಯಿತು. ಫೋನ್ ನೋಡಿದರೆ ಲಿವರ್‌ಪೂಲ್ ಗೆಳೆಯ ನಾನು ಕಳಿಸಿದ್ದ ಅದೇ ನಗುವ ಮುಖವನ್ನು ನನಗೇ ವಾಪಸ್ ಕಳಿಸಿದ್ದ. ಕೆಳಗೆ ಒಂದು ಅಕ್ಷರವೂ ಇಲ್ಲ. ಬಡ್ಡಿಯನ್ನೂ ಕೇಳಲಿಲ್ಲ, ಪಾಪ.

ಅವತ್ತಿನಿಂದ ಯುನೈಟೆಡ್ ಗೆಳೆಯನ ಹಬ್ಬ ಶುರು. ಅವನ ತಂಡ ಆ ವರ್ಷ ಎಂಟನೇ ಸ್ಥಾನಕ್ಕೆ ಹೋಗಿ ನಿಂತಿತು, ಹೊಡೆದಿದ್ದಕ್ಕಿಂತ ಒಂದು ಗೋಲು ಜಾಸ್ತಿ ಬಿಟ್ಟುಕೊಟ್ಟು. ಆದರೆ ಓಟದಲ್ಲಿ ಇಲ್ಲದವನಷ್ಟು ಜೋರಾಗಿ ಓಟದ ಬಗ್ಗೆ ಯಾರೂ ಮಾತಾಡುವುದಿಲ್ಲ. “ಬಾಟಲ್ ಮಾಡಿದ್ರು ಗುರು, ಮತ್ತೆ ಬಾಟಲ್ ಮಾಡಿದ್ರು” ಅಂತ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಇಂಗ್ಲೆಂಡಿನ ಅಭಿಮಾನಿಗಳ ಬೈಗುಳ ಅದು. ಗೆಲ್ಲುವ ಹೊತ್ತಿಗೆ ಧೈರ್ಯ ಕೈಕೊಟ್ಟಿತು ಅಂತ ಅರ್ಥ.

ಹಿಂದಿನ ವರ್ಷಕ್ಕೆ ಆ ಮಾತು ಹೇಳಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆ. 2022-23ರಲ್ಲಿ ನಾವು 248 ದಿನ ಮೇಲೆ ಕೂತು ಕೆಳಗಿಳಿದೆವು. ಕೊನೆ ಸ್ಥಾನದಲ್ಲಿದ್ದ ಸೌತಾಂಪ್ಟನ್ ಜೊತೆ ನಮ್ಮ ಮನೆಯಲ್ಲೇ 3-3 ಮಾಡಿಕೊಂಡ ರಾತ್ರಿಗೆ ಬೇರೆ ಹೆಸರಿಲ್ಲ. ಆದರೆ 2024ರಲ್ಲಿ? ಜನವರಿಯಿಂದ ಕೊನೆಯವರೆಗೆ ಲೀಗ್‌ನಲ್ಲಿ 18 ಪಂದ್ಯ. 16 ಗೆಲುವು, ಒಂದು ಡ್ರಾ, ಒಂದು ಸೋಲು. ಆ ಡ್ರಾ ಸಿಟಿಯ ಮನೆಯಲ್ಲಿ ಆಗಿದ್ದು. ಆ ಒಂದು ಸೋಲು ವಿಲ್ಲಾದ್ದು. ಇದಕ್ಕೆ ಧೈರ್ಯ ಕೈಕೊಟ್ಟಿತು ಅಂದರೆ ಧೈರ್ಯ ಅಂದರೆ ಏನು ಮಾರಾಯ? ಎದುರಿಗಿದ್ದವರು ಒಂದು ಪಾಯಿಂಟನ್ನೂ ಬಿಡದಿದ್ದಾಗ ಒಂದೇ ಒಂದು ಕೆಟ್ಟ ಭಾನುವಾರ ಸಾಕಾಗುತ್ತದೆ. ಇದನ್ನು ನಾನು ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಯುನೈಟೆಡ್ ಗೆಳೆಯ ಒಂದು ಬಾಟಲಿಯ ಚಿತ್ರ ಕಳಿಸಿದ.

ಲಿವರ್‌ಪೂಲ್ ಗೆಳೆಯ ಮಾತ್ರ ನನ್ನ ಕಡೆ ನಿಂತ. ಅವನಿಗೆ ನೋವು ಗೊತ್ತು. 2018-19ರಲ್ಲಿ ಅವನ ತಂಡ 97 ಪಾಯಿಂಟ್ ತೆಗೆದು, ಇಡೀ ಲೀಗ್‌ನಲ್ಲಿ ಒಂದೇ ಪಂದ್ಯ ಸೋತು, 98 ತೆಗೆದ ಸಿಟಿಯ ಹಿಂದೆ ಎರಡನೆಯದಾಯಿತು. ಮತ್ತೆ 2021-22ರಲ್ಲಿ 92ಕ್ಕೆ 93. ಸೋತ ಆ ಒಂದೇ ಪಂದ್ಯವೂ ಸಿಟಿಯ ಎದುರು ಸೋತಿದ್ದು, 2019ರ ಜನವರಿ 3ರಂದು. ಅವತ್ತು ಸಿಟಿಯ ಜಾನ್ ಸ್ಟೋನ್ಸ್ ಗೋಲು ಗೆರೆಯ ಮೇಲಿಂದ ಚೆಂಡು ಎತ್ತಿ ಹಾಕಿದ. ಪೂರ್ತಿ ದಾಟಲು 11.7 ಮಿಲಿಮೀಟರ್ ಬಾಕಿ ಇತ್ತಂತೆ. ನಮ್ಮ ಗೆಳೆಯ ಯಾವ ವಾದಕ್ಕೂ ತನ್ನ ಹೆಬ್ಬೆರಳಿನ ಉಗುರು ತೋರಿಸುತ್ತಾನೆ. “ಇಷ್ಟು ಕಣೋ. ಇಷ್ಟೂ ಇಲ್ಲ.”

ಏಪ್ರಿಲ್ ಮುಗಿದು ಮೇ ಬಂತು. ನಾವು ಬಿಡದೆ ಗೆದ್ದೆವು. ನಾನು ಡ್ರಾ ಬರೆದಿದ್ದ ಎರಡೂ ಪಂದ್ಯ ಗೆದ್ದೆವು, ಟಾಟೆನ್‌ಹ್ಯಾಮ್‌ನಲ್ಲಿ 3-2, ಓಲ್ಡ್ ಟ್ರಾಫರ್ಡ್‌ನಲ್ಲಿ 1-0. ಸಿಟಿಯೂ ಗೆಲ್ಲುತ್ತಲೇ ಇತ್ತು. ಲಿವರ್‌ಪೂಲ್ ದಾರಿಯಲ್ಲಿ ಉಳಿಯಿತು. ಕೊನೆಗೆ ಎಲ್ಲವೂ ಮೇ 14ರ ರಾತ್ರಿಗೆ ಬಂದು ನಿಂತಿತು. ನಾವು 37 ಪಂದ್ಯಕ್ಕೆ 86, ಸಿಟಿ 36 ಪಂದ್ಯಕ್ಕೆ 85. ಸಿಟಿಗೆ ಬಾಕಿ ಇದ್ದ ಪಂದ್ಯ ಯಾರ ಮನೆಯಲ್ಲಿ? ಟಾಟೆನ್‌ಹ್ಯಾಮ್ ಮನೆಯಲ್ಲಿ.

ಫುಟ್‌ಬಾಲ್ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಆರ್ಸೆನಲ್, ಟಾಟೆನ್‌ಹ್ಯಾಮ್ ಎರಡೂ ಉತ್ತರ ಲಂಡನ್ನಿನ ತಂಡಗಳು. ಹಾವು ಮುಂಗುಸಿ. 2004ರಲ್ಲಿ ನಾವು ಲೀಗ್ ಗೆದ್ದಿದ್ದು ಅವರ ಮೈದಾನದಲ್ಲಿ 2-2 ಮಾಡಿಕೊಂಡು, ಅವರ ಕಣ್ಣೆದುರೇ. ಅವರು ಲೀಗ್ ಗೆದ್ದಿದ್ದು 1961ರಲ್ಲಿ, ಆಮೇಲೆ ಇಲ್ಲ. ಇದನ್ನು ನಾವು ಅವರಿಗೆ ಆಗಾಗ ನೆನಪಿಸುತ್ತೇವೆ. ಈಗ ಅದೇ ಟಾಟೆನ್‌ಹ್ಯಾಮ್ ಸಿಟಿಯನ್ನು ಸೋಲಿಸಬೇಕು, ಬೇಡ, ಡ್ರಾ ಮಾಡಿಕೊಂಡರೂ ಸಾಕು, ಕೊನೆಯ ದಿನ ಚಾಂಪಿಯನ್ ಪಟ್ಟ ನಮ್ಮ ಕೈಯಲ್ಲೇ ಇರುತ್ತದೆ. ಅವರೇನೋ ನಾಲ್ಕನೇ ಸ್ಥಾನದ ಸಣ್ಣ ಆಸೆಯಲ್ಲಿದ್ದರು. ಆದರೂ ಅವರದೇ ಕೆಲವು ಅಭಿಮಾನಿಗಳಿಗೆ ತಾವು ಸೋತರೆ ಒಳ್ಳೆಯದು ಅನ್ನಿಸಿತ್ತು. ನಾನಾಗಿದ್ದರೆ? ಕೇಳಬೇಡಿ.

ಟಿವಿ ಮುಂದೆ ಕೂತೆ. ಬಿಳಿ ಜರ್ಸಿಯವರು ಚೆಂಡು ಮುಟ್ಟಿದಾಗಲೆಲ್ಲ “ಹಾ, ಹಾಕು, ಹಾಕು” ಅಂತ ಬಾಯಿಂದ ತಾನಾಗಿ ಬರುತ್ತಿತ್ತು. ಹೆಂಡತಿ ಬಾಗಿಲ ಹತ್ತಿರ ಬಂದು ನಿಂತಳು.

“ಇವರನ್ನೇ ಅಲ್ವಾ ನೀವು ವರ್ಷಪೂರ್ತಿ ಬೈಯೋದು?”

“ಇವತ್ತೊಂದಿನ ಇಲ್ಲ.”

ಅವಳು ಒಂದು ಕ್ಷಣ ನನ್ನ ಮುಖ ನೋಡಿ ಮಲಗಲು ಹೋದಳು.

ಮೊದಲರ್ಧ 0-0. ಎರಡನೆಯ ಅರ್ಧ ಶುರುವಾಗಿ ಆರು ನಿಮಿಷಕ್ಕೆ ಸಿಟಿಯ ಹಾಲಂಡ್ ಗೋಲು. ಮೈದಾನದ ಕೆಲವು ಕಡೆ ಟಾಟೆನ್‌ಹ್ಯಾಮ್‌ನವರೇ ಕುಣಿಯುತ್ತಿದ್ದರು. ಆಮೇಲೆ ಸಿಟಿಯ ಗೋಲ್‌ಕೀಪರ್ ಎಡರ್ಸನ್ ಪೆಟ್ಟು ಮಾಡಿಕೊಂಡು ಹೊರಗೆ ಹೋದ. ಬದಲಿಗೆ ಸ್ಟೆಫಾನ್ ಒರ್ಟೇಗಾ ಬಂದ. ನನಗೆ ಜೀವ ಬಂತು. ಎರಡನೇ ಕೀಪರ್, ಬೆಂಚ್ ಮೇಲೆ ಕೂತು ಕೂತು ಮೈ ಜಡವಾಗಿರುತ್ತದೆ ಅಂತ ನಾನೇ ನನಗೆ ಹೇಳಿಕೊಂಡೆ.

ಇಲ್ಲೊಂದು ಮಾತು. ನನ್ನ ಟಿವಿಗೆ ಚಿತ್ರ ತಡವಾಗಿ ಬರುತ್ತದೆ. ಸಿಟಿ ಗೆಳೆಯನಿಗೆ ನನಗಿಂತ ಸುಮಾರು ಹತ್ತು ಸೆಕೆಂಡ್ ಮುಂಚೆ ಬರುತ್ತದೆ. ಪಂದ್ಯದ ಹೊತ್ತಿನಲ್ಲಿ ಫೋನ್ ಬೋರಲು ಹಾಕಿಡಬೇಕು ಅನ್ನುವುದು ನನ್ನದೇ ಕಟ್ಟುನಿಟ್ಟಿನ ನಿಯಮ. ಅವತ್ತು ಮರೆತಿದ್ದೆ. ಫೋನ್ ಮೊಣಕಾಲ ಪಕ್ಕ ಮುಖ ಮೇಲೆ ಮಾಡಿ ಬಿದ್ದಿತ್ತು.

86ನೇ ನಿಮಿಷ. ಟಿವಿಯಲ್ಲಿ ಚೆಂಡು ಇನ್ನೂ ಸಿಟಿಯವರ ಕಾಲಲ್ಲೇ ಇದೆ. ಫೋನ್ ಬೆಳಗಿತು. ಸಿಟಿ ಗೆಳೆಯ. ಒಂದೇ ಪದ.

“ಉಫ್”

ಇವನು ಆರು ವಾರದಿಂದ ಪಂದ್ಯದ ನಡುವೆ ಏನೂ ಬರೆದವನಲ್ಲ. ಅವನಿಗೆ ಏನೋ ಆಗಿದೆ. ಏನು? ಗೋಲು ಬಿಟ್ಟುಕೊಟ್ಟರೂ ಉಫ್. ಗೋಲು ತಪ್ಪಿದರೂ ಉಫ್. ಮುಂದೆ ಒಂದು ಚುಕ್ಕೆಯಾದರೂ ಇಟ್ಟಿದ್ದರೆ, ಒಂದು ಅಳುವ ಮುಖವಾದರೂ ಹಾಕಿದ್ದರೆ! ನಾನು ಟಿವಿ ನೋಡಿದೆ. ಸಿಟಿಯವರು ಚೆಂಡು ಕಳೆದುಕೊಂಡರು. ಟಾಟೆನ್‌ಹ್ಯಾಮ್‌ನ ಸನ್ ಹ್ಯೂಂಗ್-ಮಿನ್ ಒಬ್ಬನೇ ಓಡುತ್ತಿದ್ದಾನೆ. ಮುಂದೆ ಯಾರೂ ಇಲ್ಲ, ಒರ್ಟೇಗಾ ಒಬ್ಬ. ಸನ್! ಇಂಥ ಜಾಗದಲ್ಲಿ ತಪ್ಪದವನು. ಎರಡು ಕಾಲಲ್ಲೂ ಹೊಡೆಯುವವನು. ಅವನ ಓಟ ನೋಡುತ್ತ ನೋಡುತ್ತ ನಾನು ಆ ಪದಕ್ಕೆ ಅರ್ಥ ಹುಡುಕುತ್ತಿದ್ದೆ. ಆಗಿಹೋದ ಸಂಗತಿ ಅದು. ನನ್ನ ಮೊಣಕಾಲ ಪಕ್ಕ ಉತ್ತರ ಬಿದ್ದಿದೆ, ನನಗೆ ಓದಲು ಬರುತ್ತಿಲ್ಲ.

ಸನ್ ಹೊಡೆದ. ಒರ್ಟೇಗಾ ಕಾಲು ಚಾಚಿದ. ಚೆಂಡು ಕಾಲಿಗೆ ಬಡಿದು ಪಕ್ಕಕ್ಕೆ ಹೋಯಿತು. ಗೆರೆಯ ಆಚೆ ಸಿಟಿಯ ಕೋಚ್ ಗಾರ್ಡಿಯೋಲಾ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಓಹೋ, ಈ ಉಫ್ ಆ ಉಫ್.

ಸ್ವಲ್ಪ ಹೊತ್ತಿಗೆ ಹಾಲಂಡ್ ಪೆನಾಲ್ಟಿ ಹೊಡೆದು 2-0 ಮಾಡಿದ. ಅದು ನನಗೆ ಏನೂ ಅನ್ನಿಸಲಿಲ್ಲ. ಟಾಟೆನ್‌ಹ್ಯಾಮ್ ಸೋತಿದ್ದರಿಂದ ನಾಲ್ಕನೇ ಸ್ಥಾನ ಯಾರಿಗೆ ಖಚಿತವಾಯಿತು ಗೊತ್ತಾ? ಆ್ಯಸ್ಟನ್ ವಿಲ್ಲಾಕ್ಕೆ. ಅವರಿಗೆ ಎಲ್ಲ ಕಡೆಯಿಂದಲೂ ಲಾಭ.

ಕೊನೆಯ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹತ್ತೂ ಪಂದ್ಯ ಒಂದೇ ಹೊತ್ತಿಗೆ ಶುರು, ಯಾರಿಗೂ ಇನ್ನೊಬ್ಬರ ಫಲಿತಾಂಶ ಮೊದಲೇ ಗೊತ್ತಾಗಬಾರದು ಅಂತ. ಸಿಟಿಯ ಫಿಲ್ ಫೋಡೆನ್ ಎರಡನೇ ನಿಮಿಷಕ್ಕೇ ಹೊಡೆದ. ಹದಿನೆಂಟನೇ ನಿಮಿಷಕ್ಕೆ ಮತ್ತೊಂದು. ವಿರಾಮಕ್ಕೆ ಸ್ವಲ್ಪ ಮುಂಚೆ ಎದುರು ತಂಡ ವೆಸ್ಟ್ ಹ್ಯಾಮ್‌ನ ಕುದುಸ್ ಒಂದು ಅದ್ಭುತ ಗೋಲು ಹೊಡೆದ, ಅದೇ ಹೊತ್ತಿಗೆ ಎವರ್ಟನ್ ಎದುರು ಹಿಂದಿದ್ದ ನಮಗೆ ತೋಮಿಯಾಸು ಸಮ ಮಾಡಿಕೊಟ್ಟ. ವಿರಾಮದ ಹದಿನೈದು ನಿಮಿಷ ನಾನು ಮನೆಯೊಳಗೆ ಸುಮ್ನೆ ನಡೆದಾಡಿದೆ. ಆಮೇಲೆ ರೋಡ್ರಿ ಮೂರನೆಯದು ಹಾಕಿದ. ಮುಗಿಯಿತು. ಸಿಟಿ 91, ನಾವು 89. ನಾನು ನಮ್ಮ ತಂಡಕ್ಕೆ ಬರೆದಿದ್ದಕ್ಕಿಂತ ಒಂದು ಪಾಯಿಂಟ್ ಜಾಸ್ತಿಯೇ ಬಂತು. ಸಿಟಿ ಗೆಳೆಯನ ಒಂಬತ್ತು ಕೋಣೆಯೂ ಸರಿ. ನಾಚಿಕೆ ಇಲ್ಲದವನ ಶೀಟ್ ಒಂದೇ ಪೂರ್ತಿ ಹಸಿರು.

ಎರಡು ದಿನ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಮೂರನೇ ದಿನ ನಾನೇ ಬರೆದೆ. ಪಟ್ಟಿ ನೋಡುತ್ತಿದ್ದಾಗ ಒಂದು ಕಣ್ಣಿಗೆ ಬಿದ್ದಿತ್ತು. ಸಿಟಿ 96 ಹೊಡೆದು 34 ಬಿಟ್ಟಿತ್ತು. ನಾವು 91 ಹೊಡೆದು 29 ಬಿಟ್ಟಿದ್ದೆವು. ಇಬ್ಬರದೂ ಗೋಲು ವ್ಯತ್ಯಾಸ 62! ಹಾಗಾಗಿ, ಅಂತ ನಾನು ಸಮಾಧಾನ ಮಾಡಿಕೊಂಡೆ, ಆ ಎರಡು ಪಾಯಿಂಟ್ ಸಿಕ್ಕಿದ್ದರೂ ನಾವು ಸೋಲುತ್ತಿದ್ದೆವು. ವ್ಯತ್ಯಾಸ ಸಮ ಆದರೆ ಜಾಸ್ತಿ ಗೋಲು ಹೊಡೆದವರು ಮೇಲೆ. ಅವರದು 96.

ಕ್ಯಾಲ್ಕುಲೇಟರ್ ಕೂಡಲೇ ಬಂದ.

“ತಪ್ಪು. ಎರಡು ಪಾಯಿಂಟ್ ಎಲ್ಲಿಂದ ಬರುತ್ತೆ? ಒಂದು ಡ್ರಾ ಗೆಲುವಾದರೆ ಬರುತ್ತೆ. ಡ್ರಾ ಗೆಲುವಾಗಬೇಕಾದರೆ ಒಂದು ಗೋಲಾದರೂ ಜಾಸ್ತಿ ಬೇಕು. ಆಗ ನಿಮ್ಮದು 63. ನೀವೇ ಚಾಂಪಿಯನ್.”

ನನ್ನ ಸಮಾಧಾನ ಒಂದು ನಿಮಿಷ ಬದುಕಿತ್ತು ಅಷ್ಟೇ.

ಅವನು ನಿಲ್ಲಿಸಲಿಲ್ಲ. ನಮ್ಮ ಐದೂ ಡ್ರಾ ಪಟ್ಟಿ ಮಾಡಿ ಹಾಕಿದ. ಫುಲ್ಹಮ್, ಟಾಟೆನ್‌ಹ್ಯಾಮ್, ಚೆಲ್ಸಿ, ಲಿವರ್‌ಪೂಲ್, ಸಿಟಿ. ಮೊದಲನೆಯದು 2023ರ ಆಗಸ್ಟ್ 26. ನಮ್ಮ ಮನೆ, 2-1 ಮುಂದಿದ್ದೇವೆ, ಎದುರು ತಂಡದ ಒಬ್ಬನಿಗೆ ರೆಡ್ ಕಾರ್ಡ್ ಆಗಿ ಹತ್ತೇ ಜನ. 87ನೇ ನಿಮಿಷದಲ್ಲಿ ಪಾಲಿನ್ಯಾ ಬಂದು ಸಮ ಮಾಡಿ ಹೋದ. ಅವತ್ತು ಗುಂಪಿನಲ್ಲಿ ಏನು ಮಾತಾಡಿದ್ದೆವು ಅಂತ ನಾನು ಹಿಂದಕ್ಕೆ ಹೋಗಿ ಹುಡುಕಿದೆ. ಎರಡೇ ಸಾಲು ಸಿಕ್ಕಿತು. ಯುನೈಟೆಡ್ ಗೆಳೆಯ “ಅಯ್ಯೋ ಫುಲ್ಹಮ್” ಅಂದಿದ್ದ. ನಾನು “ಇರಲಿ ಬಿಡು, ಇನ್ನೂ ಆಗಸ್ಟ್” ಅಂದಿದ್ದೆ.

ಎರಡನೆಯದು ಸೆಪ್ಟೆಂಬರ್ 24. ಟಾಟೆನ್‌ಹ್ಯಾಮ್ ನಮ್ಮ ಮನೆಗೆ ಬಂದಿತ್ತು. ಎರಡು ಸಲ ನಾವು ಮುಂದೆ ಹೋದೆವು, ಎರಡು ಸಲವೂ ಅವರು ಸಮ ಮಾಡಿದರು. 2-2. ಆ ಎರಡೂ ಗೋಲು ಹೊಡೆದಿದ್ದು ಯಾರು? ಸನ್. ನಮ್ಮ ಎದುರು ಎರಡಕ್ಕೆ ಎರಡೂ ಹಾಕಿದವನು, ನಮಗೆ ಒಂದು ಬೇಕಾದ ರಾತ್ರಿ ಒರ್ಟೇಗಾನ ಕಾಲಿಗೆ ಹೊಡೆದ.

ಕ್ಯಾಲ್ಕುಲೇಟರ್‌ಗೆ ಹುರುಪು ಬಂದು ಯುನೈಟೆಡ್ ಗೆಳೆಯನನ್ನೂ ಹಿಡಿದುಕೊಂಡ. 2011-12ರ ಕಥೆ ಎಲ್ಲರಿಗೂ ಗೊತ್ತು: ಕೊನೆಯ ದಿನ 93 ನಿಮಿಷ 20 ಸೆಕೆಂಡಿಗೆ ಸಿಟಿಯ ಅಗ್ವೆರೊ ಗೋಲು, ಎರಡೂ ಮ್ಯಾಂಚೆಸ್ಟರ್ ತಂಡಕ್ಕೆ 89 ಪಾಯಿಂಟ್, ಗೋಲು ವ್ಯತ್ಯಾಸದಲ್ಲಿ ಸಿಟಿ 64, ಯುನೈಟೆಡ್ 56. ನಮ್ಮವನು ಯಾವಾಗಲೂ ಅಗ್ವೆರೊನನ್ನೇ ಬೈಯುವುದು. ಕ್ಯಾಲ್ಕುಲೇಟರ್ ಅವನನ್ನು ಹಿಂದಿನ ಅಕ್ಟೋಬರ್ 23ಕ್ಕೆ ಎಳೆದುಕೊಂಡು ಹೋದ. ಅವತ್ತು ಓಲ್ಡ್ ಟ್ರಾಫರ್ಡ್‌ನಲ್ಲೇ ಸಿಟಿ 6-1 ಗೆದ್ದಿತ್ತು. ಕೊನೆಯ ಮೂರು ಗೋಲು ಪಂದ್ಯದ ಕೊನೆಯ ಕೆಲವೇ ನಿಮಿಷದಲ್ಲಿ ಬಿದ್ದವು, ಹೇಗೂ ಸೋತಾಯಿತಲ್ಲ ಅನ್ನುವ ಹೊತ್ತಿನಲ್ಲಿ.

“ಆ ಪಂದ್ಯ 2-1ಕ್ಕೆ ಸೋತಿದ್ದರೆ ಏನಾಗ್ತಿತ್ತು ಗೊತ್ತಾ?” ಅಂತ ಬರೆದ. “ಸಿಟಿ 89 ಹೊಡೆದು 29 ಬಿಟ್ಟಿರ್ತಿತ್ತು. ನೀವೂ 89 ಹೊಡೆದು 29 ಬಿಟ್ಟಿರ್ತಿದ್ರಿ. ಪಾಯಿಂಟೂ 89, 89. ಎಲ್ಲ ಸಮ. ಇನ್ನೊಂದು ಪಂದ್ಯ ಆಡಿಸಬೇಕಾಗ್ತಿತ್ತು.”

ನಾನು ಕಾಗದ ತೆಗೆದುಕೊಂಡು ಕೂಡಿ ಕಳೆದು ನೋಡಿದೆ. ಸರಿಯಾಗೇ ಇದೆ. ನೀವೂ ಬೇಕಾದರೆ ನೋಡಿ, ಸಿಟಿ ಆ ವರ್ಷ 93-29, ಯುನೈಟೆಡ್ 89-33. ಯುನೈಟೆಡ್ ಗೆಳೆಯ ಅವತ್ತು ಬಾಟಲಿ ಚಿತ್ರ ಕಳಿಸಲಿಲ್ಲ.

ಲಿವರ್‌ಪೂಲ್ ಗೆಳೆಯ ತನ್ನ ಸರದಿ ಬರುವ ಮೊದಲೇ “ನನಗೆ ಗೊತ್ತು, 2019ರ ಎವರ್ಟನ್ 0-0, ಯುನೈಟೆಡ್ 0-0, ಹೇಳಬೇಡ” ಅಂತ ಬರೆದು ಗುಂಪಿನಿಂದ ಹೊರಗೆ ಹೋದ. ಸಂಜೆ ವಾಪಸ್ ಸೇರಿಸಿದೆವು.

ನಾವು ಏಪ್ರಿಲ್, ಮೇ ಅಂತ ಉಗುರು ಕಚ್ಚುತ್ತೇವೆ, ಬೇರೆಯವರ ಪಂದ್ಯಕ್ಕೆ ನಿದ್ದೆಗೆಡುತ್ತೇವೆ. ಅಷ್ಟು ಹೊತ್ತಿಗೆ ಕಳೆಯಬೇಕಾದ್ದೆಲ್ಲ ಕಳೆದುಹೋಗಿರುತ್ತದೆ, ಯಾರೂ ಶೀಟ್ ತುಂಬದ ಯಾವುದೋ ಶನಿವಾರದಲ್ಲಿ. ಅದಕ್ಕೇ 2024-25ಕ್ಕೆ ನಾನೇ ಕ್ಯಾಲ್ಕುಲೇಟರನ್ನು ಕೇಳಿಕೊಂಡೆ, ಮಾರ್ಚ್‌ವರೆಗೆ ಕಾಯುವುದು ಬೇಡ, ಮೊದಲ ವಾರದಿಂದಲೇ ಶೀಟ್ ಕೊಡು ಅಂತ. ಅವನು 38 ಕೋಣೆ ಮಾಡಿ ಕಳಿಸಿದ.

ಎರಡನೇ ಕೋಣೆ ನೋಡಿದರೆ ಆ್ಯಸ್ಟನ್ ವಿಲ್ಲಾ, ಅವರ ಮನೆಯಲ್ಲಿ. ಹಿಂದಿನ ಋತುವಿನಲ್ಲಿ ಎರಡೂ ಸಲ ನಮ್ಮನ್ನು ಸೋಲಿಸಿದವರು. ಈ ಸಲ ನಾನು ತುಂಬ ಹೊತ್ತು ಯೋಚಿಸಿದೆ. ಗೆಲುವು ಬರೆದು ಅಳಿಸಿದೆ. ಸೋಲು ಬರೆಯಲು ಕೈ ಬರಲಿಲ್ಲ. ಡ್ರಾ ಹಾಕಿದೆ.

ಆಗಸ್ಟ್ 24. ಟ್ರೊಸಾರ್ ಒಂದು, ಪಾರ್ಟಿ ಒಂದು. 2-0, ನಮಗೆ. ಫೋನ್ ಬೋರಲಾಗಿತ್ತು. ಪಂದ್ಯ ಮುಗಿದ ಮೇಲೆ ತಿರುಗಿಸಿ ನೋಡಿದೆ. ಕ್ಯಾಲ್ಕುಲೇಟರ್ ಬರೆದಿದ್ದ:

“ನಿನ್ನ ಲೆಕ್ಕಕ್ಕಿಂತ ಎರಡು ಪಾಯಿಂಟ್ ಜಾಸ್ತಿ ಬಂತು ನೋಡು. ನಾಲ್ಕು ತಿಂಗಳು ತಡವಾಗಿ.”